ಹಳೆಯ ನಿಕಾನ್ ಲೆನ್ಸನ್ನು ಆಟೊಫೋಕಸ್ ಫಿಲ್ಮ್ ಕ್ಯಾಮೆರಾದಲ್ಲಿ ಬಳಸುವ ಬಗೆ: ಒಂದು ಸಮಗ್ರ ಮಾರ್ಗದರ್ಶಿ

ಸೋದರಮಾವ ತಮ್ಮ ಸ್ಟುಡಿಯೊ ಮುಚ್ಚಿದಾಗ ನನ್ನ ಕೈಗಿಟ್ಟದ್ದು ನಿಕಾನ್ ಕಂಪನಿಯ 50 ಮಿ.ಮೀ. ಎಫ್/1.4 ನಿಕ್ಕೊರ್ ಲೆನ್ಸ್. ಬೆಳಕು ಒಳಬರುವ ಕಿಂಡಿಯನ್ನು ಹಿಗ್ಗಿಸಿ ಕುಗ್ಗಿಸುವ ಅಪರ್ಚರ್ ಉಂಗುರದ ಅಂಕಿಗಳ ಬಣ್ಣ ಅಲ್ಲಲ್ಲಿ ಅಳಿಸಿಹೋಗಿತ್ತು, ಫೋಕಸ್ ಉಂಗುರ ಮಾತ್ರ ಜೇನಿನಲ್ಲಿ ಅದ್ದಿದಂತೆ ನಯವಾಗಿ ತಿರುಗುತ್ತಿತ್ತು. ನನ್ನಲ್ಲಿದ್ದದ್ದು 1999ರಲ್ಲಿ ಬಂದ ಎಫ್100 ಎಂಬ ಆಟೊಫೋಕಸ್ ಕ್ಯಾಮೆರಾ. ಆ ಲೆನ್ಸನ್ನು ಇದಕ್ಕೆ ಹಾಕಿದ ದಿನದಿಂದ ಈವರೆಗೆ ನನ್ನ ಅತ್ಯುತ್ತಮ ಚಿತ್ರಗಳೆಲ್ಲ ಈ ಜೋಡಿಯಿಂದಲೇ ಬಂದಿವೆ.

ಈ ಜೋಡಿಯ ಲಾಭ ಬರಿಯ ಹಳೆಯ ನೆನಪಿನದಲ್ಲ. ಹೊಸ ಬಾಡಿಯಲ್ಲಿ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ) 1/8000 ಸೆಕೆಂಡಿನ ಶಟರ್ ಇದೆ. ಐಎಸ್ಒ (ಬೆಳಕಿಗೆ ಫಿಲ್ಮಿನ ಸಂವೇದನೆ) 100ರ ಫಿಲ್ಮ್ ಹಾಕಿ ಉರಿಬಿಸಿಲಿನಲ್ಲಿ ಅಪರ್ಚರನ್ನು ಎಫ್/2ಕ್ಕೆ ತೆರೆದರೆ 1/6400 ಸೆಕೆಂಡಿನಷ್ಟು ವೇಗ ಬೇಕು. 1/1000ಕ್ಕೆ ನಿಂತುಹೋಗುವ ಹಳೆಯ ಬಾಡಿಯಲ್ಲಿ ಅದು ಸಾಧ್ಯವೇ ಇಲ್ಲ. ಲೆನ್ಸಿನ ಕಡೆಯಿಂದ ನೋಡಿದರೆ, ದೂರದ ಅಳತೆಪಟ್ಟಿ, ಚುರುಕುವಲಯದ (ಸ್ಪಷ್ಟವಾಗಿ ಮೂಡುವ ದೂರದ ವ್ಯಾಪ್ತಿ) ಗೆರೆಗಳು, ಬೆರಳಿಗೆ ಸಿಗುವ ಉದ್ದನೆಯ ತಿರುವು, ಇವೆಲ್ಲ ಹೊಸ ಪ್ಲಾಸ್ಟಿಕ್ ಲೆನ್ಸುಗಳಲ್ಲಿ ಬಹುತೇಕ ಮಾಯವಾಗಿವೆ.

ನಿಕಾನ್ ಕಂಪನಿ 1959ರಲ್ಲಿ ತಂದ ಎಫ್ ಮೌಂಟನ್ನೇ (ಬಾಡಿಗೆ ಲೆನ್ಸ್ ಕೂರುವ ಜೋಡಣೆ) ಆಟೊಫೋಕಸ್ ಬಂದ ಮೇಲೂ ಉಳಿಸಿಕೊಂಡಿತು. ಮಿನೋಲ್ಟಾ 1985ರಲ್ಲಿ, ಕ್ಯಾನನ್ 1987ರಲ್ಲಿ ಹಳೆಯದನ್ನು ಬಿಟ್ಟು ಹೊಸ ಮೌಂಟಿಗೆ ಹೋದವು. ಹಾಗಾಗಿ ಈ ಬರಹದ ಬಹುಪಾಲು ನಿಕಾನಿಗೇ ಮೀಸಲು. ಆದರೆ ನಿಕಾನಿನಲ್ಲಿಯೂ ಲೆನ್ಸ್ ಬಾಡಿಗೆ ಕೂರುವುದು ಬೇರೆ, ಬಾಡಿಗೆ ಲೆನ್ಸಿನ ಮಾತು ಕೇಳಿಸುವುದು ಬೇರೆ. ಯಾವ ಲೆನ್ಸ್ ಏನನ್ನು ಹೇಳುತ್ತದೆ, ಯಾವ ಬಾಡಿ ಅದರಲ್ಲಿ ಎಷ್ಟನ್ನು ಕೇಳಿಸಿಕೊಳ್ಳುತ್ತದೆ ಎಂಬುದು ತಿಳಿದರೆ ಉಳಿದದ್ದೆಲ್ಲ ಸುಲಭ.

ಹಾಕುವ ಮುನ್ನ ಉಂಗುರವನ್ನು ನೋಡಿ

ಇದೊಂದು ಹೆಜ್ಜೆಯನ್ನು ಮಾತ್ರ ಯಾವ ಕಾರಣಕ್ಕೂ ಬಿಡಬೇಡಿ. ತಪ್ಪು ಲೆನ್ಸನ್ನು ತಿರುಗಿಸಿ ಹಾಕಿದರೆ ಬಾಡಿಯೇ ಮುರಿಯುತ್ತದೆ.

ಲೆನ್ಸನ್ನು ಹಿಂಬದಿಯಿಂದ ಹಿಡಿದು ಅಪರ್ಚರ್ ಉಂಗುರದ ಅಂಚನ್ನು ಗಮನಿಸಿ. ಅಂಚು ಸುತ್ತಲೂ ಒಂದೇ ಸಮ ಎತ್ತರದಲ್ಲಿದ್ದು, ಉಂಗುರದ ಮೇಲೆ ಒಂದೇ ಸಾಲು ಅಂಕಿಗಳಿದ್ದರೆ ಅದು 1977ಕ್ಕಿಂತ ಹಿಂದಿನ ವಿನ್ಯಾಸ. ಇದನ್ನು ‘ಪ್ರೀ-ಎಐ’, ಅಂದರೆ ‘ಎಐ’ಗೆ (ಆಟೊಮ್ಯಾಟಿಕ್ ಮ್ಯಾಕ್ಸಿಮಮ್ ಅಪರ್ಚರ್ ಇಂಡೆಕ್ಸಿಂಗ್) ಮುಂಚಿನದು ಎನ್ನುತ್ತಾರೆ. ಉಂಗುರದ ನೆತ್ತಿಯ ಮೇಲೆ ಮೊಲದ ಕಿವಿಯಂತೆ ಎದ್ದು ನಿಂತ ಲೋಹದ ಕವೆ ಇರುತ್ತದೆ. ಅದರಲ್ಲಿ ಕಿಂಡಿಗಳಿಲ್ಲದಿದ್ದರೆ ಈ ಗುರುತು ಇನ್ನಷ್ಟು ಗಟ್ಟಿಯಾಗುತ್ತದೆ.

1977ರಲ್ಲಿ ಬಂದ ‘ಎಐ’ ಲೆನ್ಸುಗಳಲ್ಲಿ ಅಂಚಿನ ಒಂದು ಭಾಗವನ್ನು ತಗ್ಗಿಸಿ ಮೆಟ್ಟಿಲು ಮಾಡಲಾಗಿದೆ. ದೊಡ್ಡ ಅಂಕಿಗಳ ಸಾಲಿನ ಕೆಳಗೆ ಸಣ್ಣ ಅಂಕಿಗಳ ಇನ್ನೊಂದು ಸಾಲಿದೆ. ಕವೆಯಲ್ಲಿ ಬೆಳಕು ತೂರಲೆಂದು ಎರಡು ಕಿಂಡಿಗಳಿವೆ. ಅನಂತರದ ‘ಎಐ-ಎಸ್’ ಲೆನ್ಸುಗಳಲ್ಲಿ ಅತಿ ಕಿರಿದಾದ ಅಪರ್ಚರಿನ ಅಂಕಿ ಎರಡೂ ಸಾಲುಗಳಲ್ಲಿ ಕಿತ್ತಳೆ ಬಣ್ಣದಲ್ಲಿರುತ್ತದೆ. ನಮ್ಮ ಕೆಲಸಕ್ಕೆ ಎಐ, ಎಐ-ಎಸ್ ಎರಡೂ ಒಂದೇ. ‘ಸೀರೀಸ್ ಇ’ ಎಂಬ ಹಗುರ ಲೆನ್ಸುಗಳಿಗೆ ಕವೆಯೇ ಇಲ್ಲ, ಆದರೂ ಅವು ನಿಶ್ಚಿಂತೆಯಿಂದ ಹೊಂದುತ್ತವೆ.

ಆ ಮೆಟ್ಟಿಲಿಗೆ ಇಷ್ಟು ಮಹತ್ವ ಏಕೆಂದರೆ, ಬಾಡಿಯ ಮೌಂಟಿನ ಸುತ್ತ ಸ್ಪ್ರಿಂಗ್ ಕಟ್ಟಿದ ಪುಟ್ಟ ಉಂಗುರವೊಂದಿದ್ದು ಅದಕ್ಕೊಂದು ನಾಲಿಗೆಯಿದೆ. ಲೆನ್ಸಿನ ಮೆಟ್ಟಿಲು ಆ ನಾಲಿಗೆಯನ್ನು ತಳ್ಳುತ್ತದೆ. ಅಪರ್ಚರನ್ನು ಪೂರ್ತಿ ತೆರೆದ ಸ್ಥಿತಿಯಿಂದ ಎಷ್ಟು ಸ್ಟಾಪ್ (ಒಂದು ಸ್ಟಾಪ್ ಮುಚ್ಚಿದರೆ ಬೆಳಕು ಅರ್ಧವಾಗುತ್ತದೆ) ಮುಚ್ಚಿದ್ದೀರಿ ಎಂಬುದು ಬಾಡಿಗೆ ತಿಳಿಯುವುದು ಈ ತಳ್ಳಾಟದಿಂದಲೇ. ಪ್ರೀ-ಎಐ ಲೆನ್ಸಿನಲ್ಲಿ ಮೆಟ್ಟಿಲಿಲ್ಲ. ಅದರ ಎತ್ತರದ ಅಂಚು ನೇರವಾಗಿ ನಾಲಿಗೆಗೆ ಬಡಿಯುತ್ತದೆ, ಬಲ ಹಾಕಿದರೆ ನಾಲಿಗೆ ಕಿತ್ತುಹೋಗುತ್ತದೆ.

ನಿಮ್ಮ ಕೈಯಲ್ಲಿರುವುದು ಪ್ರೀ-ಎಐ ಆದರೆ ಎರಡು ದಾರಿಗಳಿವೆ. ಉಂಗುರದ ಅಂಚನ್ನು ಅರೆದು ಮೆಟ್ಟಿಲು ಮಾಡಿಸುವುದು ಒಂದು. ಇದು ಪಳಗಿದ ರಿಪೇರಿಗಾರರ ಕೆಲಸ. ಮೆಟ್ಟಿಲು ಸರಿಯಾದ ಜಾಗದಲ್ಲಿ ಆರಂಭವಾಗದಿದ್ದರೆ ಬೆಳಕಿನ ಅಳತೆ ಸದಾ ತಪ್ಪುತ್ತದೆ. ಎಫ್4 ಬಾಡಿಯನ್ನು ಹುಡುಕಿಕೊಳ್ಳುವುದು ಇನ್ನೊಂದು. ಅದರ ನಾಲಿಗೆಯನ್ನು ಮೇಲಕ್ಕೆ ಮಡಚಿಡಬಹುದು. ಹಾಗೆ ಮಡಚಿದಾಗ ಅಪರ್ಚರನ್ನು ನಿಜವಾಗಿ ಮುಚ್ಚಿಯೇ ಬೆಳಕನ್ನು ಅಳೆಯಬೇಕು, ಅಷ್ಟೇ ವ್ಯತ್ಯಾಸ.

ಕನ್ನಡಿಯನ್ನು ಮೇಲೆತ್ತಿಯೇ ಹಾಕಬೇಕಾದ 21 ಮಿ.ಮೀ. ಎಫ್/4 ಮತ್ತು ಕೆಲವು ಹಳೆಯ ಮೀನ್‌ಗಣ್ಣಿನ ಲೆನ್ಸುಗಳ ಹಿಂಭಾಗ ಕ್ಯಾಮೆರಾದೊಳಕ್ಕೆ ಆಳವಾಗಿ ಚಾಚಿಕೊಂಡಿರುತ್ತದೆ. ಅವುಗಳನ್ನು ಈ ಬಾಡಿಗಳ ಹತ್ತಿರವೂ ತರಬೇಡಿ.

ನಿಮ್ಮ ಬಾಡಿಗೆ ಎಷ್ಟು ಕೇಳಿಸುತ್ತದೆ

1988ರ ಎಫ್4 ಈ ವಿಷಯದಲ್ಲಿ ಎಲ್ಲರಿಗಿಂತ ಹಿರಿಯಣ್ಣ. ಎಐ ಲೆನ್ಸ್ ಎಷ್ಟು ಸ್ಟಾಪ್ ಮುಚ್ಚಿದೆ ಎಂಬುದರ ಜೊತೆಗೆ ಅದರ ಗರಿಷ್ಠ ಅಪರ್ಚರ್ ಯಾವುದು ಎಂಬುದನ್ನೂ ಅದು ಯಾಂತ್ರಿಕವಾಗಿ ಓದಿಕೊಳ್ಳುತ್ತದೆ. ಹಾಗಾಗಿ ಚೌಕಟ್ಟನ್ನು ಭಾಗಗಳಾಗಿ ಮಾಡಿ ಬೆಳಕನ್ನು ಅಳೆಯುವ ಮ್ಯಾಟ್ರಿಕ್ಸ್ ಮಾಪನವೂ ನಡೆಯುತ್ತದೆ. ಲೆನ್ಸಿನ ಸಣ್ಣ ಅಂಕಿಗಳು ಪುಟ್ಟ ಕಿಟಕಿಯೊಂದರ ಮೂಲಕ ವ್ಯೂಫೈಂಡರಿನಲ್ಲಿಯೇ ಕಾಣಿಸುತ್ತವೆ. ಹಳೆಯ ಲೆನ್ಸುಗಳಿಗಾಗಿಯೇ ಕ್ಯಾಮೆರಾ ಕೊಳ್ಳುವವರು ಕೇಳಿದರೆ, ಭಾರ ಹೊರಲು ಸಿದ್ಧರಿದ್ದರೆ ಎಫ್4 ತೆಗೆದುಕೊಳ್ಳಿ ಎಂದೇ ಹೇಳುತ್ತೇನೆ.

ಎಫ್801, ಎಫ್90, ಎಫ್90ಎಕ್ಸ್, ಎಫ್5, ಎಫ್100 ಇವು ಎರಡನೆಯ ಗುಂಪು. ಇವುಗಳಲ್ಲಿ ನಾಲಿಗೆಯಿದೆ, ಆದರೆ ಚಿಪ್ ಇಲ್ಲದ ಲೆನ್ಸಿನ ಗರಿಷ್ಠ ಅಪರ್ಚರ್ ಇವಕ್ಕೆ ಗೊತ್ತಾಗುವುದಿಲ್ಲ. ಎ (ಅಪರ್ಚರ್ ನಿಮ್ಮದು, ಶಟರ್ ವೇಗ ಕ್ಯಾಮೆರಾದ್ದು) ಮತ್ತು ಎಂ (ಎರಡೂ ನಿಮ್ಮವೇ) ಎಂಬ ಎರಡು ವಿಧಾನಗಳು ಮಾತ್ರ ಲಭ್ಯ, ಮಾಪನ ನಡುಭಾಗಕ್ಕೆ ಒತ್ತು ಕೊಡುವಂಥದ್ದು. ಒಂದು ಚಿಕ್ಕ ಜಾಗವನ್ನಷ್ಟೇ ಅಳೆಯುವ ಸ್ಪಾಟ್ ಮಾಪನ ಇರುವ ಬಾಡಿಗಳಲ್ಲಿ ಅದೂ ಕೆಲಸ ಮಾಡುತ್ತದೆ.

ಎಫ್50, ಎಫ್60, ಎಫ್65, ಎಫ್75, ಎಫ್80 ಮೊದಲಾದ ಹಗುರ ಬಾಡಿಗಳಲ್ಲಿ ಎಐ ಲೆನ್ಸ್ ಹಾಕಿದರೆ ಬೆಳಕನ್ನು ಅಳೆಯುವ ಮೀಟರ್ ಸುಮ್ಮನಾಗಿಬಿಡುತ್ತದೆ. ಎಂ ವಿಧಾನದಲ್ಲಿ ಶಟರ್ ಬೀಳುತ್ತದೆ, ಲೆನ್ಸಿನಲ್ಲಿ ನೀವು ಇಟ್ಟ ಅಪರ್ಚರಿಗೆ ಎಸಳುಗಳು ಮುಚ್ಚುತ್ತವೆ. ಬೆಳಕನ್ನು ಮಾತ್ರ ನೀವೇ ಅಳೆದುಕೊಳ್ಳಬೇಕು. ಇದರಿಂದ ಎದೆಗುಂದಬೇಕಾಗಿಲ್ಲ, ಉಪಾಯ ಮುಂದೆ ಹೇಳುತ್ತೇನೆ.

ಲೆನ್ಸಿನ ಆರೋಗ್ಯ

ಡಿಜಿಟಲ್ ಕ್ಯಾಮೆರಾದಲ್ಲಾದರೆ ಲೆನ್ಸಿನ ದೋಷ ಮೊದಲ ಚಿತ್ರದಲ್ಲಿಯೇ ಕಾಣುತ್ತದೆ. ಫಿಲ್ಮಿನಲ್ಲಿ ಅದು ತಿಳಿಯುವುದು ರೋಲು ತೊಳೆದು ಬಂದ ಮೇಲೆ. ಒಮ್ಮೆ ಸ್ನೇಹಿತರಿಂದ ಎರವಲು ತಂದ ಲೆನ್ಸಿನಲ್ಲಿ ರಾತ್ರಿಯ ಯಕ್ಷಗಾನವನ್ನೂ ಮರುದಿನ ಬೆಳಗಿನ ದೇವಸ್ಥಾನವನ್ನೂ ತೆಗೆದಿದ್ದೆ. ಪೂರ್ತಿ ತೆರೆದು ತೆಗೆದ ರಾತ್ರಿಯ ಚಿತ್ರಗಳು ಚೆನ್ನಾಗಿದ್ದವು, ಹಗಲಿನವೆಲ್ಲ ಬೆಳಕು ಹೆಚ್ಚಾಗಿ ಬಿಳಚಿಕೊಂಡಿದ್ದವು. ಅಪರ್ಚರಿನ ಎಸಳುಗಳಿಗೆ ಎಣ್ಣೆ ಇಳಿದು, ಶಟರ್ ತೆರೆಯುವ ಹೊತ್ತಿಗೆ ಅವು ಅರ್ಧವೂ ಮುಚ್ಚುತ್ತಿರಲಿಲ್ಲ. ಆ ಗೋಪುರದ ಮೇಲಿನ ಬೆಳಗಿನ ಬೆಳಕು ನನಗೆ ಮತ್ತೆ ಸಿಗಲಿಲ್ಲ. ಅಂದಿನಿಂದ ಈ ಪರೀಕ್ಷೆ ಮಾಡದೆ ಯಾವ ಲೆನ್ಸಿಗೂ ಫಿಲ್ಮ್ ವ್ಯಯಿಸುವುದಿಲ್ಲ:

ಅಪರ್ಚರನ್ನು ಎಫ್/16ಕ್ಕೆ ಇಟ್ಟು, ಲೆನ್ಸಿನ ಹಿಂಬದಿಯ ಸಣ್ಣ ಸನ್ನೆಯನ್ನು ಬೆರಳಿನಿಂದ ಸರಿಸಿ ಬಿಡಿ. ಎಸಳುಗಳು ಕಣ್ಣು ಮಿಟುಕಿಸಿದಂತೆ ತಕ್ಷಣ ತೆರೆದು ಮುಚ್ಚಬೇಕು. ಹತ್ತು ಸಲ ಹೀಗೆ ಮಾಡಿ. ಒಮ್ಮೆಯಾದರೂ ಸೋಮಾರಿತನ ಕಂಡರೆ, ಎಸಳುಗಳ ಮೇಲೆ ಎಣ್ಣೆಯ ಹೊಳಪು ಕಂಡರೆ, ಲೆನ್ಸ್ ಮೊದಲು ರಿಪೇರಿಗೆ ಹೋಗಲಿ.

ಇನ್ನು ಬೂಷ್ಟು. ಮಲೆನಾಡಿನಲ್ಲಿ, ಕರಾವಳಿಯಲ್ಲಿ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಳೆಗಾಲದ ತೇವಕ್ಕೆ ಬೀರುವಿನಲ್ಲಿಟ್ಟ ಲೆನ್ಸಿನೊಳಗೆ ಜೇಡರ ಬಲೆಯಂತಹ ಎಳೆಗಳು ಹಬ್ಬುತ್ತವೆ. ಅಪರ್ಚರನ್ನು ಪೂರ್ತಿ ತೆರೆದು, ಒಂದು ಬದಿಯಿಂದ ಟಾರ್ಚ್ ಬೆಳಕು ಹಾಯಿಸಿ, ಇನ್ನೊಂದು ಬದಿಯಿಂದ ಓರೆಯಾಗಿ ನೋಡಿ. ಅಂಚಿನಲ್ಲಿ ಒಂದೆರಡು ಎಳೆಗಳಿದ್ದರೆ ಚಿತ್ರಕ್ಕೆ ಹೆಚ್ಚಿನ ಬಾಧೆಯಿಲ್ಲ. ನಡುಭಾಗಕ್ಕೆ ಹಬ್ಬಿದ್ದರೆ ಎದುರು ಬೆಳಕಿನಲ್ಲಿ ಚಿತ್ರವೆಲ್ಲ ಮಬ್ಬಾಗುತ್ತದೆ. ಚರ್ಮದ ಚೀಲ ತೇವವನ್ನು ಹಿಡಿದಿಡುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಡಿ.

ಜೋಡಿಸುವ ಕ್ರಮ

1. ಕ್ಯಾಮೆರಾವನ್ನು ಆಫ್ ಮಾಡಿ. ಲೆನ್ಸಿನ ಚುಕ್ಕೆಯನ್ನು ಬಾಡಿಯ ಬಿಳಿ ಚುಕ್ಕೆಗೆ ಹೊಂದಿಸಿ, ಮುಂದಿನಿಂದ ನೋಡಿದಾಗ ಅಪ್ರದಕ್ಷಿಣವಾಗಿ, ಟಕ್ ಎನ್ನುವವರೆಗೆ ತಿರುಗಿಸಿ. ತಡೆಯುತ್ತಿದೆ ಎನ್ನಿಸಿದರೆ ಅಲ್ಲಿಗೇ ನಿಲ್ಲಿಸಿ.
2. ಫೋಕಸ್ ಸನ್ನೆಯನ್ನು ಎಂಗೆ (ಇಲ್ಲಿ ಕೈಯಿಂದ ಫೋಕಸ್ ಎಂದರ್ಥ) ತನ್ನಿ.
3. ವಿಧಾನವನ್ನು ಎ ಅಥವಾ ಎಂಗೆ ಇಡಿ. ಎಫ್100ರಲ್ಲಿ ಪಿ ಅಥವಾ ಎಸ್ (ಅಪರ್ಚರನ್ನು ಕ್ಯಾಮೆರಾವೇ ಆರಿಸುವ ವಿಧಾನಗಳು) ಬಿಟ್ಟಿದ್ದರೂ ಕ್ಯಾಮೆರಾ ತಾನಾಗಿ ಎಗೆ ಬದಲಾಗುತ್ತದೆ, ಆದರೆ ಅದನ್ನು ನಂಬಿಕೊಳ್ಳುವ ಅಭ್ಯಾಸ ಬೇಡ.
4. ಅಪರ್ಚರನ್ನು ಲೆನ್ಸಿನ ಉಂಗುರದಲ್ಲಿಯೇ ಬದಲಿಸಿ. ಎಫ್100ರ ಪರದೆಯಲ್ಲಿ ಅಂಕಿಯ ಬದಲು ‘ಎಫ್’ ಅಕ್ಷರದ ಮುಂದೆ ಎರಡು ಗೆರೆಗಳು ಕಾಣುತ್ತವೆ. ಗಾಬರಿ ಬೇಡ. ಎಷ್ಟು ಸ್ಟಾಪ್ ಮುಚ್ಚಿದೆ ಎಂಬುದಷ್ಟೇ ಬಾಡಿಗೆ ಗೊತ್ತು, ಎಲ್ಲಿಂದ ಹೊರಟಿತು ಎಂಬುದು ಗೊತ್ತಿಲ್ಲ. ಸರಿಯಾದ ಎಕ್ಸ್‌ಪೋಷರಿಗೆ ಅಷ್ಟು ತಿಳಿದರೆ ಸಾಕು.
5. ಕೊನೆಯದು, ಬಹಳ ಜನ ಮರೆಯುವುದು: ಐಪೀಸಿನ ಪಕ್ಕದ ಡಯಾಪ್ಟರ್, ಅಂದರೆ ವ್ಯೂಫೈಂಡರನ್ನು ನಿಮ್ಮ ಕಣ್ಣಿಗೆ ಹೊಂದಿಸುವ ಗುಂಡಿ. ಹೊರಗಿನ ದೃಶ್ಯವನ್ನು ನೋಡದೆ, ವ್ಯೂಫೈಂಡರಿನ ಪರದೆಯ ಮೇಲೆ ಕೊರೆದ ಕಂಸಗಳು ಸ್ಪಷ್ಟವಾಗುವವರೆಗೆ ಅದನ್ನು ಹೊಂದಿಸಿ. ಇದು ತಪ್ಪಿದ್ದರೆ ಮುಂದೆ ಹೇಳುವುದು ಯಾವುದೂ ಫಲಿಸದು.

ಫೋಕಸ್: ಇಲ್ಲಿ ನಿಧಾನಿಸಿ

ಹಳೆಯ ಬಾಡಿಗಳ ಪರದೆಯ ನಡುವೆ ಒಡೆದ ಬಿಂಬದ ವೃತ್ತವಿರುತ್ತಿತ್ತು. ಎರಡು ತುಂಡುಗಳು ಕೂಡಿದರೆ ಫೋಕಸ್ ಆಯಿತೆಂದು ಅರ್ಥ. ಆಟೊಫೋಕಸ್ ಬಾಡಿಗಳಲ್ಲಿ ಅದಿಲ್ಲ. ಜೊತೆಗೆ, ಈ ಪರದೆಗಳನ್ನು ಸಾಧಾರಣ ಝೂಮ್ ಲೆನ್ಸಿನಲ್ಲೂ ಬೆಳ್ಳಗೆ ಕಾಣುವಂತೆ ಮಾಡಿರುವುದರಿಂದ ಎಫ್/1.4 ಲೆನ್ಸಿನ ನಿಜವಾದ ಮಸುಕನ್ನು ಅವು ತೋರಿಸುವುದಿಲ್ಲ. ಸುಮಾರು ಎಫ್/2.8ರಲ್ಲಿ ಕಾಣುವಷ್ಟು ಚುರುಕುವಲಯ ಕಣ್ಣಿಗೆ ಬೀಳುತ್ತದೆ. ಎಲ್ಲವೂ ಸ್ಪಷ್ಟವಾಗಿಯೇ ಇದೆ ಎಂದು ಕಣ್ಣು ಹೇಳುತ್ತಿರುವಾಗ ಫಿಲ್ಮಿನ ಮೇಲೆ ರೆಪ್ಪೆಯ ಬದಲು ಕಿವಿ ಸ್ಪಷ್ಟವಾಗಿರಬಹುದು. 50 ಮಿ.ಮೀ. ಲೆನ್ಸಿನಲ್ಲಿ ಎಫ್/1.4ಕ್ಕೆ ಒಂದು ಮೀಟರ್ ದೂರದ ಮುಖ ತೆಗೆದರೆ ಚುರುಕಾಗಿರುವ ವಲಯ ಹೆಚ್ಚೆಂದರೆ 3 ಸೆಂ.ಮೀ. ನಿಂತಲ್ಲೇ ಉಸಿರೆಳೆದುಕೊಂಡರೂ ಅಷ್ಟು ಅಲುಗುತ್ತೇವೆ.

ಇಲ್ಲಿ ನೆರವಿಗೆ ಬರುವುದು ವ್ಯೂಫೈಂಡರಿನ ಕೆಳಗೆ ಬೆಳಗುವ ಚುಕ್ಕೆ. ಬಾಡಿಯ ಆಟೊಫೋಕಸ್ ಸಂವೇದಕ ಲೆನ್ಸನ್ನು ತಿರುಗಿಸಲಾರದು, ಆದರೆ ಫೋಕಸ್ ಆಗಿದೆಯೋ ಇಲ್ಲವೋ ಎಂಬುದನ್ನು ಹೇಳಬಲ್ಲದು. ಮೀಟರ್ ಸುಮ್ಮನಾಗುವ ಎಫ್80ರಲ್ಲಿಯೂ ಇದು ಕೆಲಸ ಮಾಡುತ್ತದೆ. ಎಫ್4, ಎಫ್100ಗಳಲ್ಲಿ ಚುಕ್ಕೆಯ ಎರಡೂ ಕಡೆ ಬಾಣಗಳಿರುವುದರಿಂದ ಫೋಕಸ್ ಗುರಿಯ ಮುಂದಿದೆಯೋ ಹಿಂದಿದೆಯೋ ಎಂಬುದೂ ತಿಳಿಯುತ್ತದೆ. ಷರತ್ತು ಒಂದೇ: ಲೆನ್ಸಿನ ಗರಿಷ್ಠ ಅಪರ್ಚರ್ ಎಫ್/5.6 ಅಥವಾ ಅದಕ್ಕಿಂತ ದೊಡ್ಡದಿರಬೇಕು (ಅಂದರೆ ಅಂಕಿ 5.6 ಅಥವಾ ಅದಕ್ಕಿಂತ ಚಿಕ್ಕದು). 500 ಮಿ.ಮೀ. ಎಫ್/8 ಕನ್ನಡಿ ಲೆನ್ಸಿನಲ್ಲಿ ಚುಕ್ಕೆಯ ಮಾತಿಗೆ ಬೆಲೆ ಕೊಡಬೇಡಿ.

ಚುಕ್ಕೆ ಬೆಳಗಿದ ಕೂಡಲೇ ಶಟರ್ ಒತ್ತುವುದು ಹೊಸಬರೆಲ್ಲ ಮಾಡುವ ತಪ್ಪು. ಸಂವೇದಕ ಅಳೆಯುವುದು ಎಫ್/5.6ರ ಆಸುಪಾಸಿನ ಬೆಳಕಿನ ಕಿರಣಗಳನ್ನು. ಆದ್ದರಿಂದ ಎಫ್/1.4 ಲೆನ್ಸಿನಲ್ಲಿ ಉಂಗುರವನ್ನು ಸ್ವಲ್ಪ ಆಚೀಚೆ ತಿರುಗಿಸಿದರೂ ಚುಕ್ಕೆ ಉರಿಯುತ್ತಲೇ ಇರುತ್ತದೆ. ನಾನು ಮಾಡುವುದು ಹೀಗೆ: ಶಟರ್ ಗುಂಡಿಯನ್ನು ಅರ್ಧ ಒತ್ತಿ ಹಿಡಿದು, ನಡುವಿನ ಕಂಸವನ್ನು ಕಣ್ಣಿನ ಮೇಲಿಟ್ಟು, ಅನಂತದ ಕಡೆಯಿಂದ ಹತ್ತಿರಕ್ಕೆ ಉಂಗುರವನ್ನು ನಿಧಾನ ತರುತ್ತೇನೆ. ಚುಕ್ಕೆ ಹೊತ್ತಿದ ಜಾಗವನ್ನು ಬೆರಳಿನಲ್ಲಿ ನೆನಪಿಟ್ಟುಕೊಂಡು, ಅದು ಆರುವವರೆಗೆ ಮುಂದುವರಿದು, ಆ ಎರಡರ ನಡುವಿಗೆ ಹಿಂದಿರುಗುತ್ತೇನೆ. ಮೊದಮೊದಲು ಐದಾರು ಸೆಕೆಂಡ್ ಹಿಡಿಯುತ್ತದೆ. ಒಂದು ತಿಂಗಳ ಅಭ್ಯಾಸದ ನಂತರ ಬೆರಳೇ ಅದನ್ನು ಮಾಡುತ್ತದೆ. ಮನೆಯಲ್ಲಿ ಫಿಲ್ಮ್ ಇಲ್ಲದೆ, ಕಿಟಕಿಯ ಸರಳು, ಗಡಿಯಾರ, ದೇವರ ಪಟ ಹೀಗೆ ಕಂಡದ್ದಕ್ಕೆಲ್ಲ ಗುರಿಯಿಟ್ಟು ಅಭ್ಯಾಸ ಮಾಡಿ.

ಎಫ್4, ಎಫ್801ರಂತಹ ಮೊದಲ ತಲೆಮಾರಿನ ಬಾಡಿಗಳ ಸಂವೇದಕ ಅಡ್ಡಕ್ಕೆ ಮಲಗಿದ ಒಂದೇ ಗೆರೆ. ಲಂಬವಾದ ಅಂಚುಗಳನ್ನು ಅದು ಬೇಗ ಹಿಡಿಯುತ್ತದೆ, ಮೆಟ್ಟಿಲಿನಂತಹ ಅಡ್ಡಗೆರೆಗಳು ಅದಕ್ಕೆ ಕಾಣಿಸುವುದೇ ಇಲ್ಲ. ಅಂತಹ ಕಡೆ ಕ್ಯಾಮೆರಾವನ್ನು ವಾರೆ ಮಾಡಿ ಫೋಕಸ್ ಹಿಡಿದು, ಮತ್ತೆ ನೇರ ಮಾಡಿ ತೆಗೆಯಿರಿ. ಎಫ್4ಕ್ಕೆ ಇನ್ನೊಂದು ಸೌಭಾಗ್ಯವಿದೆ: ಪರದೆ ಬದಲಿಸಬಹುದು. ‘ಕೆ’ ಮಾದರಿಯ ಪರದೆ ಸಿಕ್ಕರೆ ಒಡೆದ ಬಿಂಬದ ವೃತ್ತ ಮರಳಿ ಬರುತ್ತದೆ.

ಚಲಿಸುವ ಜನರ ನಡುವೆ ಚುಕ್ಕೆಯನ್ನು ಕಾಯುತ್ತ ನಿಲ್ಲಲಾಗದು. ಮೈಸೂರಿನ ದೇವರಾಜ ಮಾರುಕಟ್ಟೆಯ ಓಣಿಗಳಲ್ಲಿ ನಾನು 28 ಮಿ.ಮೀ. ಲೆನ್ಸನ್ನು ಎಫ್/11ಕ್ಕೆ ಇಟ್ಟು, ದೂರದ ಪಟ್ಟಿಯಲ್ಲಿ ಸುಮಾರು 2.5 ಮೀಟರಿಗೆ ನಿಲ್ಲಿಸಿಬಿಡುತ್ತೇನೆ. ಲೆಕ್ಕದ ಪ್ರಕಾರ ಸುಮಾರು 1.2 ಮೀಟರಿನಿಂದ ಅನಂತದವರೆಗೆ ಎಲ್ಲವೂ ಸ್ಪಷ್ಟ. ದೊಡ್ಡ ಮುದ್ರಣ ಮಾಡುವ ಆಸೆಯಿದ್ದರೆ ಲೆನ್ಸಿನ ಮೇಲಿನ ಎಫ್/8ರ ಗೆರೆಗಳ ನಡುವೆ ಬರುವ ದೂರವನ್ನಷ್ಟೇ ನಂಬಿ, ಚಿತ್ರವನ್ನು ಎಫ್/11ರಲ್ಲಿ ತೆಗೆಯಿರಿ. ಮಲ್ಲಿಗೆಯ ಕುಕ್ಕೆಯಿಂದ ತಲೆಯೆತ್ತಿದ ಮುಖ ಮತ್ತೆ ಬಾಗುವ ಮೊದಲೇ ಚಿತ್ರ ಮುಗಿದಿರುತ್ತದೆ. ಯಾವ ಆಟೊಫೋಕಸ್ ಮೋಟರೂ ಇದಕ್ಕಿಂತ ವೇಗವಾಗಿರಲಾರದು.

ಬೆಳಕಿನ ಅಳತೆ

ಎಫ್100ರಲ್ಲಿ ನಡುಭಾಗದ ಮಾಪನವೆಂದರೆ ಚೌಕಟ್ಟಿನ ನಡುವಿನ 12 ಮಿ.ಮೀ. ವೃತ್ತಕ್ಕೆ 75 ಪ್ರತಿಶತ ಒತ್ತು. ಸನ್ನೆ ಮ್ಯಾಟ್ರಿಕ್ಸಿನಲ್ಲಿದ್ದರೂ ಎಐ ಲೆನ್ಸಿಗೆ ಸಿಗುವುದು ಇದೇ. ಆಕಾಶ ಚೌಕಟ್ಟಿನ ಅರ್ಧ ತುಂಬಿದ್ದರೆ ಕ್ಯಾಮೆರಾವನ್ನು ನೆಲದ ಕಡೆಗೆ ತಗ್ಗಿಸಿ ಅಳೆದು, ಎಕ್ಸ್‌ಪೋಷರ್ ಲಾಕ್ ಒತ್ತಿ ಹಿಡಿದು ಮೇಲೆತ್ತಿ. ಬಿಳಿ ಪಂಚೆ, ಬಿಳಿ ಗೋಡೆಗಳಿದ್ದರೆ ಒಂದು ಸ್ಟಾಪ್ ಹೆಚ್ಚು ಕೊಡಿ.

ಮೀಟರ್ ಸುಮ್ಮನಾಗುವ ಬಾಡಿಯವರಿಗೆ ಹಳೆಯ ಸೂತ್ರ ಇನ್ನೂ ಜೀವಂತವಾಗಿದೆ: ಸ್ವಚ್ಛ ಬಿಸಿಲಿನಲ್ಲಿ ಎಫ್/16, ಶಟರ್ ವೇಗ ಫಿಲ್ಮಿನ ಐಎಸ್ಒಗೆ ಸಮೀಪದ್ದು. ಐಎಸ್ಒ 100ಕ್ಕೆ 1/125, 400ಕ್ಕೆ 1/500. ತೆಳು ಮೋಡಕ್ಕೆ ಎಫ್/11, ದಟ್ಟ ಮೋಡಕ್ಕೆ ಎಫ್/5.6, ಬಯಲಿನ ನೆರಳಿಗೆ ಎಫ್/4. ಮೊಬೈಲಿನ ಮೀಟರ್ ಆ್ಯಪ್ ಕೂಡ ಸಾಕಷ್ಟು ನಂಬಿಕಸ್ಥ. ಕಲರ್ ನೆಗೆಟಿವ್ ಒಂದೆರಡು ಸ್ಟಾಪ್ ಹೆಚ್ಚಿನ ಬೆಳಕನ್ನು ಸಹಿಸಿಕೊಳ್ಳುತ್ತದೆ, ಕಡಿಮೆಯನ್ನಲ್ಲ. ಅನುಮಾನ ಬಂದರೆ ಹೆಚ್ಚಿನ ಕಡೆಗೇ ವಾಲಿ. ಸ್ಲೈಡ್ ಫಿಲ್ಮಿಗೆ ಈ ಉದಾರತೆ ಇಲ್ಲ.

ಫ್ಲ್ಯಾಷ್ ವಿಷಯ ಸರಳ. ಎಫ್4, ಎಫ್90, ಎಫ್100ರಂತಹ ಬಾಡಿಗಳ ಟಿಟಿಎಲ್ (ಲೆನ್ಸಿನ ಮೂಲಕ ಬಂದ ಬೆಳಕಿನ ಮಾಪನ), ಶಟರ್ ತೆರೆದಿರುವಾಗ ಫಿಲ್ಮಿನ ಮೇಲ್ಮೈಯಿಂದ ಪ್ರತಿಫಲಿಸುವ ಬೆಳಕನ್ನೇ ಅಳೆದು ಫ್ಲ್ಯಾಷನ್ನು ನಿಲ್ಲಿಸುತ್ತದೆ. ಲೆನ್ಸ್ ಹಳೆಯದಾದರೂ ಅದಕ್ಕೆ ಅಡ್ಡಿಯಿಲ್ಲ. ಫ್ಲ್ಯಾಷಿನ ಪರದೆಯಲ್ಲಿ ಅಪರ್ಚರನ್ನು ಕೈಯಾರೆ ತುಂಬಿದರೆ ಬೆಳಕು ಎಷ್ಟು ದೂರ ತಲುಪುತ್ತದೆಂದು ತಿಳಿಯುತ್ತದೆ.

ಕ್ಯಾನನ್ ಇಒಎಸ್ ಇದ್ದವರಿಗೆ

ವಿಚಿತ್ರವೆಂದರೆ ಕ್ಯಾನನ್ನಿನ ಸ್ವಂತ ಹಳೆಯ ಎಫ್‌ಡಿ ಲೆನ್ಸುಗಳೇ ಅದರ ಆಟೊಫೋಕಸ್ ಕ್ಯಾಮೆರಾಗಳಾದ ಇಒಎಸ್‌ಗೆ ಒಗ್ಗುವುದಿಲ್ಲ. ಎಫ್‌ಡಿ ಮೌಂಟಿನಿಂದ ಫಿಲ್ಮಿಗೆ 42 ಮಿ.ಮೀ. ದೂರವಿರಬೇಕು, ಇಒಎಸ್‌ನಲ್ಲಿ ಅದು 44. ಲೆನ್ಸ್ ಬೇಕಾದದ್ದಕ್ಕಿಂತ ಮುಂದೆ ಕೂರುವುದರಿಂದ ದೂರದ ಬೆಟ್ಟ ಎಂದಿಗೂ ಸ್ಪಷ್ಟವಾಗದು. ಆದರೆ 45.46 ಮಿ.ಮೀ. ಬೇಡುವ ಎಂ42 ತಿರುಪಿನ ಲೆನ್ಸುಗಳೂ 46.5 ಮಿ.ಮೀ. ಬೇಡುವ ನಿಕಾನ್ ಲೆನ್ಸುಗಳೂ ತೆಳುವಾದ ಅಡಾಪ್ಟರ್ ಮೂಲಕ ಚೆನ್ನಾಗಿ ಕೂರುತ್ತವೆ. ಪ್ರೀ-ಎಐ ನಿಕ್ಕೊರ್ ಕೂಡ ಇಲ್ಲಿ ನಿರಪಾಯ, ಏಕೆಂದರೆ ಬಡಿಯಲು ನಾಲಿಗೆಯೇ ಇಲ್ಲ.

ಇಲ್ಲಿ ಲೆನ್ಸ್ ಮತ್ತು ಬಾಡಿಯ ನಡುವೆ ಮಾತೇ ಇಲ್ಲದಿರುವುದರಿಂದ ಅಪರ್ಚರ್ ತಾನಾಗಿ ಮುಚ್ಚುವುದಿಲ್ಲ. ಪೂರ್ತಿ ತೆರೆದು ಫೋಕಸ್ ಮಾಡಿ, ಬೇಕಾದ ಅಂಕಿಗೆ ಕೈಯಿಂದ ಮುಚ್ಚಿ, ಎವಿ (ನಿಕಾನಿನ ಎ ಇದ್ದಂತೆ) ವಿಧಾನದಲ್ಲಿ ತೆಗೆಯಿರಿ. ಪರದೆಯಲ್ಲಿ ‘00’ ಕಾಣುವುದು ಸಹಜ. ಸೋವಿಯತ್ ಕಾಲದ ಹೀಲಿಯೋಸ್ 44-2ರಲ್ಲಿ ಅಪರ್ಚರನ್ನು ಮೊದಲೇ ಗೊತ್ತುಮಾಡಿ, ಇನ್ನೊಂದು ಉಂಗುರದಿಂದ ತೆರೆದು ಮುಚ್ಚುವ ಏರ್ಪಾಡಿದೆ; ಈ ಕೆಲಸಕ್ಕೆ ಅದು ಹೇಳಿ ಮಾಡಿಸಿದಂತಿದೆ. ಪೆಂಟಾಕ್ಸ್‌ನ ಟಕುಮಾರ್ ಲೆನ್ಸುಗಳಲ್ಲಿ ಬದಿಯ ಸನ್ನೆಯನ್ನು ಎಂಗೆ ತರುವುದನ್ನು ಮರೆಯಬೇಡಿ. ಮೊದಲ ಸಲ ಹಾಕಿದಾಗ ಅನಂತಕ್ಕೆ ತಿರುಗಿಸಿ, ಹಿಂಬದಿಯ ಗಾಜು ಕನ್ನಡಿಗೆ ತಾಗುತ್ತದೆಯೇ ಎಂದು ಎಚ್ಚರದಿಂದ ಪರೀಕ್ಷಿಸಿ.

ಮೊದಲ ರೋಲಿಗೆ ಮುನ್ನ, ಮೊದಲ ರೋಲಿನಲ್ಲಿ

ಚುಕ್ಕೆ ನಿಜ ಹೇಳುತ್ತಿದೆಯೇ ಎಂದು ಫಿಲ್ಮ್ ಇಲ್ಲದೆಯೇ ತಿಳಿಯಬಹುದು. ಖಾಲಿ ಕ್ಯಾಮೆರಾವನ್ನು ಟ್ರೈಪಾಡಿಗೆ ಹಾಕಿ, ಹಿಂಬಾಗಿಲು ತೆರೆಯಿರಿ. ಫಿಲ್ಮ್ ಹಾಯುವ ಒಳಗಿನ ಎರಡು ಹಳಿಗಳ ಮೇಲೆ ಮಬ್ಬು ಬಣ್ಣದ ಸೆಲ್ಲೊಟೇಪನ್ನು ಬಿಗಿಯಾಗಿ ಅಂಟಿಸಿ. ಶಟರಿನ ಪರದೆಗೆ ಬೆರಳು ತಾಗಲೇಬಾರದು. ಚುಕ್ಕೆಯ ನೆರವಿನಿಂದ ಎರಡು ಮೀಟರ್ ದೂರದ ಪತ್ರಿಕೆಯ ತಲೆಬರಹಕ್ಕೆ ಫೋಕಸ್ ಮಾಡಿ. ಅಪರ್ಚರ್ ಪೂರ್ತಿ ತೆರೆದು, ಒತ್ತಿ ಹಿಡಿದಷ್ಟು ಹೊತ್ತೂ ಶಟರ್ ತೆರೆದಿರುವ ಬಲ್ಬ್ ವಿಧಾನದಲ್ಲಿ ಗುಂಡಿ ಒತ್ತಿ ಹಿಡಿದು, ಟೇಪಿನ ಮೇಲೆ ಮೂಡಿದ ತಲೆಕೆಳಗಾದ ಬಿಂಬವನ್ನು ಭೂತಗನ್ನಡಿಯಿಂದ ನೋಡಿ. ಅಕ್ಷರಗಳು ಚೂಪಾಗಿದ್ದರೆ ನೀವು ಸಿದ್ಧ. ಮಸುಕಾಗಿದ್ದರೆ ಉಂಗುರವನ್ನು ಎತ್ತ ತಿರುಗಿಸಿದರೆ ಸರಿಹೋಗುತ್ತದೆ ನೋಡಿ. ಹತ್ತಿರದ ಕಡೆಗಾದರೆ ಚುಕ್ಕೆಯ ವಲಯದ ಹತ್ತಿರದ ತುದಿಯಲ್ಲಿ, ದೂರದ ಕಡೆಗಾದರೆ ದೂರದ ತುದಿಯಲ್ಲಿ ನಿಲ್ಲುವುದನ್ನು ಆ ಲೆನ್ಸಿನ ಮಟ್ಟಿಗೆ ರೂಢಿಸಿಕೊಳ್ಳಿ.

ಮೊದಲ ರೋಲಿನ 36 ಚಿತ್ರಗಳಿಗೂ ಪುಟ್ಟ ಪುಸ್ತಕವೊಂದರಲ್ಲಿ ಅಪರ್ಚರ್, ಅಂದಾಜು ದೂರ, ಚುಕ್ಕೆಯನ್ನು ನಂಬಿದಿರೋ ಕಣ್ಣನ್ನು ನಂಬಿದಿರೋ ಎಂಬುದನ್ನು ಬರೆದಿಡಿ. ಈ ಲೆನ್ಸುಗಳ ಮಾಹಿತಿಯನ್ನು ಕ್ಯಾಮೆರಾ ನಿಮಗಾಗಿ ಬರೆದಿಡುವುದಿಲ್ಲ. ಒಂದೇ ಮುಖವನ್ನು ಎಫ್/1.4, ಎಫ್/2, ಎಫ್/2.8, ಎಫ್/4ರಲ್ಲಿ ತೆಗೆಯಿರಿ. ತೊಳೆದು ಬಂದಾಗ ಸ್ಕ್ಯಾನ್ ನೋಡಿ ತೀರ್ಪು ಕೊಡಬೇಡಿ, ಸ್ಕ್ಯಾನರ್ ತಾನೇ ಮಸುಕಾಗಿ ಹಿಡಿದಿರಬಹುದು. ನೆಗೆಟಿವನ್ನು ಬೆಳಕಿನ ಪೆಟ್ಟಿಗೆಯ ಮೇಲಿಟ್ಟು, ಭೂತಗನ್ನಡಿ ಹಿಡಿದು, ಕಣ್ಣಿನ ರೆಪ್ಪೆಗಳನ್ನು ಎಣಿಸಲು ಬರುತ್ತದೆಯೇ ನೋಡಿ.